ಗುರುಚರಣರ ‘ಈ ದಿನ’

ಗುರುಚರಣರಿಗೆ ಹಾಡಲು ಬರುವುದಿಲ್ಲ. ಶ್ರುತಿ ನಿಲ್ಲುವುದಿಲ್ಲ, ತಾಳ ಹಾಕಲು ಹೋದರೆ ಕೈ ಒಂದು ದಾರಿ, ಹಾಡು ಒಂದು ದಾರಿ. ಮದುವೆಯಾದ ಹೊಸತರಲ್ಲಿ ಹೆಂಡತಿ ಊರ್ಮಿಳಾ, “ದೇವರ ಮುಂದೆ ನೀವು ಮಂತ್ರ ಹೇಳಿ ಸಾಕು, ದಾಸರ ಪದ ನನಗೆ ಬಿಡಿ” ಎಂದಿದ್ದರು. ಅಂದಿನಿಂದ ಅವರು ಬಚ್ಚಲಿನಲ್ಲೂ ಗುನುಗಿದವರಲ್ಲ. ಹಾಗೆಂದು ಹಾಡಿನ ಹುಚ್ಚು ಬಿಡಲಿಲ್ಲ. ಹಾಡಲು ಬಾರದವನು ಹಾಡಿನ ಹತ್ತಿರ ಕೂರಬೇಕಾದರೆ ಬೇರೆ ಏನನ್ನಾದರೂ ಹಿಡಿದುಕೊಳ್ಳಬೇಕು. ಅವರು ತಾರೀಕು ಹಿಡಿದುಕೊಂಡರು.

ತಾರೀಕು ಅವರ ಕಸುಬೂ ಆಗಿತ್ತು. ಚೆನ್ನೈನ ಪ್ಯಾರೀಸ್ ಕಾರ್ನರಿನ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಹಡಗಿನ ಸರಕು ಬಿಡಿಸಿಕೊಡುವ ಕಚೇರಿಯೊಂದರಲ್ಲಿ ಅವರು ನಿವೃತ್ತಿಯವರೆಗೂ ದುಡಿದರು. ಅಲ್ಲಿ ಒಂದು ಕಾಗದದ ಮೇಲೆ ಒಂದು ತಾರೀಕು ತಪ್ಪಿದರೆ ಕೆಳಗೆ ಬಂದರಿನಲ್ಲಿ ಯಾರದೋ ಸೇಬು ಕೊಳೆಯುತ್ತದೆ. ಗುರುಚರಣರ ಕೈಯಲ್ಲಿ ಯಾರ ಸೇಬೂ ಕೊಳೆಯಲಿಲ್ಲ. ಹುಡುಗರು ತಪ್ಪು ಮಾಡಿದರೆ ಅವರು ಕೂಗಾಡುತ್ತಿರಲಿಲ್ಲ. ತಪ್ಪಿದ ಕಾಗದವನ್ನು ಕೈಯಲ್ಲಿ ಹಿಡಿದು, ಎಲ್ಲರೂ ಕೂತಿರುವಾಗ, ಮೆಲ್ಲಗೆ ಓದುತ್ತಿದ್ದರು.

ನಿವೃತ್ತಿಯಾದ ಮೇಲೆ ಅಣ್ಣಾ ನಗರ್‌ನ ಫ್ಲ್ಯಾಟಿನಲ್ಲಿ ಕೂತು ಅವರು ‘ಈ ದಿನ’ ಎಂಬ ವಾಟ್ಸಾಪ್ ಗುಂಪು ಕಟ್ಟಿದರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬೀಳುವ ಹೊತ್ತಿಗೆ ಅವರ ಬರಹ ಗುಂಪಿಗೆ ಬೀಳುತ್ತಿತ್ತು. ಈ ದಿನ ಇಂಥ ಗೀತೆಗೆ ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾಯಿತು. ಈ ದಿನ ಇಂಥ ಪಿಟೀಲುಗಾರ ಹುಟ್ಟಿದ. ಈ ದಿನ ಇಂಥ ರೆಕಾರ್ಡು ಅಂಗಡಿಗೆ ಬಂತು, ಮಾರಾಟವಾಗದೆ ವಾಪಸು ಹೋಯಿತು. ಮೊದಲು ಚೆನ್ನೈನ ಕನ್ನಡ ಮನೆಗಳವರು ಸೇರಿದರು, ಆಮೇಲೆ ಮೈಸೂರು, ದಾವಣಗೆರೆ, ದುಬೈ ಎಲ್ಲ ಕಡೆಯಿಂದ ಸೇರಿದರು. ಗುಂಪಿನಲ್ಲಿ ಯಾರಾದರೂ ತಪ್ಪು ತಾರೀಕು ಹಾಕಿದರೆ ಗುರುಚರಣ ಕೆಳಗೆ ‘ತಿದ್ದುಪಡಿ’ ಎಂದು ಬರೆದು ಸರಿಯಾದದ್ದನ್ನು ಹಾಕುತ್ತಿದ್ದರು. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಆ ಒಂದು ಪದ ನೋಡಿದರೆ ಜನ ವಾರಗಟ್ಟಲೆ ಸುಮ್ಮನಾಗುತ್ತಿದ್ದರು. ಅವರ ಹೆಸರಿಗೆ ಮಾತ್ರ ಒಂದು ತಿದ್ದುಪಡಿಯೂ ಇರಲಿಲ್ಲ. ಅದು ಅವರ ಆಸ್ತಿ.

ಆ ಆಸ್ತಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಫೆಬ್ರವರಿ ಹತ್ತೊಂಬತ್ತು. ‘ಬಾವಿಕಟ್ಟೆ ಹಾಡು’ ಎಂದು ಎಲ್ಲರೂ ಕರೆಯುವ ಹಳೆಯ ಚಿತ್ರಗೀತೆ ರೆಕಾರ್ಡ್ ಆದ ದಿನ ಅದು, ಇಸವಿ ಸಾವಿರದ ಒಂಬೈನೂರ ಎಪ್ಪತ್ತೆಂಟು, ಭಾನುವಾರ. ಅದನ್ನು ಕಂಡುಹಿಡಿದದ್ದು ಗುರುಚರಣರೇ, ಆ ವಾದ್ಯವೃಂದದಲ್ಲಿದ್ದ ಮುದುಕರೊಬ್ಬರ ಮನೆಗೆ ಮತ್ತೆ ಮತ್ತೆ ಹೋಗಿ. ಹಾಡಿನ ಮೊದಲಲ್ಲಿ ಪದಗಳಿಲ್ಲದ ಒಂದು ಆಲಾಪವಿದೆ. ಒಣಗಿದ, ಅಂಚಿನಲ್ಲಿ ಸ್ವಲ್ಪ ಸೀಳಿದಂತಿರುವ ಕಂಠ. ಮೇಲಿನ ಸ್ವರಕ್ಕೆ ಹೋಗುವಾಗ ಎಲ್ಲಿ ಒಡೆಯುತ್ತದೋ ಎಂದು ಕೇಳುವವರು ಉಸಿರು ಹಿಡಿಯಬೇಕು. ಆ ಆಲಾಪದ ಬಗ್ಗೆ ಗುರುಚರಣ ಬರೆದರು: ‘ಗಾಯಕಿಯ ತಾಯಿ ತೀರಿಕೊಂಡ ವಾರ ಅದು. ಆ ಕಂಠದಲ್ಲಿ ಕೇಳುವುದು ಸಂಗೀತವಲ್ಲ, ಅಳು.’ ತಾರೀಕು ಸರಿಯಾಗಿತ್ತು. ಅಳುವಿನ ವಿಷಯ ಅವರದೇ ಊಹೆ. ಗಾಯಕಿಯ ತಾಯಿ ತೀರಿಹೋದದ್ದು ಆ ವರ್ಷವೇ ಎಂಬುದಷ್ಟೇ ಅವರಿಗೆ ಗೊತ್ತಿತ್ತು, ತಿಂಗಳು ಗೊತ್ತಿರಲಿಲ್ಲ. ಆದರೆ ಜನ ಹಂಚಿಕೊಂಡದ್ದು ತಾರೀಕನ್ನಲ್ಲ, ಆ ಅಳುವನ್ನು. ರೇಡಿಯೋದವರು ಓದಿದರು. ಯಾರೋ ಹಿನ್ನೆಲೆಯಲ್ಲಿ ದೀಪದ ಚಿತ್ರ ಹಾಕಿ ವಿಡಿಯೋ ಮಾಡಿದರು. ತಮ್ಮಯ್ಯ ಎಂಬ ಸದಸ್ಯರೊಬ್ಬರು ಮಾತ್ರ, ‘ಆ ಆಲಾಪ ಕೋರಸ್‌ನ ಒಂದು ಹುಡುಗಿಯದು ಅಂತ ಕೇಳಿದ್ದೆ’ ಎಂದು ಹಾಕಿದರು. ಗುರುಚರಣ ‘ತಿದ್ದುಪಡಿ’ ಎಂದು ಬರೆದರು. ತಮ್ಮಯ್ಯ ವಾದಿಸಿದರು. ಮರುದಿನ ತಮ್ಮಯ್ಯ ಗುಂಪಿನಲ್ಲಿರಲಿಲ್ಲ.

ಆಮೇಲೆ ಪ್ರತಿ ವರ್ಷ ಫೆಬ್ರವರಿ ಹತ್ತೊಂಬತ್ತಕ್ಕೆ ಗುಂಪಿನ ಚೆನ್ನೈ ಸದಸ್ಯರು ಒಂದು ಸಭಾಂಗಣದಲ್ಲಿ ಸೇರುವುದು ರೂಢಿಯಾಯಿತು. ಹೋದ ವರ್ಷದ ಸಭೆಗೆ ಹತ್ತು ದಿನವಿದೆ ಎನ್ನುವಾಗ ಪ್ರತಾಪ್ ಫೋನ್ ಮಾಡಿದ. ಹಾಸನದ ಕಡೆಯವನು, ಕಾರಿನ ಕಂಪನಿಯೊಂದರಲ್ಲಿ ಇಂಜಿನಿಯರು. ಸಭೆಯ ಓಡಾಟವೆಲ್ಲ ಅವನದೇ.

“ಸಾರ್, ಒಂದ್ ವಿಷ್ಯ. ವೆಸ್ಟ್ ಮಾಂಬಲಂನಲ್ಲಿ ಒಬ್ರು ಅಜ್ಜಿ ಇದಾರೆ, ಜಯಲಕ್ಷ್ಮೀ ಅಂತ. ನಿಮ್ ಕಡೆಯೋರೇ, ಮಾಧ್ವರು. ಬಾವಿಕಟ್ಟೆ ಹಾಡಿನ ಆಲಾಪ ತಾನೇ ಹಾಡಿದ್ದು ಅಂತಾರೆ. ಅವರ ಮೊಮ್ಮಗಳು ಮಾನ್ಯಾ ನಂಗೆ ಪರಿಚಯ.”

ಗುರುಚರಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.

“ನಿಜ ಆಗಿದ್ರೆ ಸಭೇಲಿ ಶಾಲು ಹೊದಿಸೋಣ ಅಂತ. ನೀವೊಂದ್ ಸಲ ಹೋಗಿ ಮಾತಾಡಿಸಿ, ಹೂಂ ಅನ್ನಿ. ನಿಮ್ ಹೂಂ ಇಲ್ದೆ ನಾವೇನೂ ಮಾಡಲ್ಲ ಸಾರ್.”

“ನೋಡ್ತೀನಿ,” ಎಂದರು ಗುರುಚರಣ.

ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು, ಹೂವಿನ ಅಂಗಡಿ, ಪಾತ್ರೆ ಅಂಗಡಿ, ಉಪ್ಪಿನಕಾಯಿ ಅಂಗಡಿಗಳ ನಡುವೆ ನುಸುಳಿ, ಸ್ಕೂಟರುಗಳು ಗೋಡೆಗೆ ಒರಗಿ ನಿಂತ ಒಂದು ಗಲ್ಲಿಗೆ ಅವರು ಹೋದರು. ಮೇಲಿನ ಮಹಡಿಯ ಮನೆ. ಬಾಗಿಲು ತೆರೆದವರು ಎಪ್ಪತ್ತರ ಹೆಂಗಸು, ಸಣ್ಣ ಆಳು, ಮೂಗಿನ ಎರಡೂ ಕಡೆ ಬೇಸರಿ.

“ಬನ್ನಿ, ಬನ್ನಿ. ಪ್ರತಾಪ್ ಹೇಳಿದ್ರು. ಕಾಪಿ ಕುಡೀತೀರಿ ದಾನೇ? ಸಕ್ಕರೆ ಹಾಕಲೋ ಬೇಡವೋ?”

‘ತಾನೇ’ ‘ದಾನೇ’ ಆದ ಚೆನ್ನೈ ಮನೆಗಳ ಕನ್ನಡ. ಸಕ್ಕರೆ ಬೇಡ ಎಂದರು ಗುರುಚರಣ. ಮಾನ್ಯಾ, ಬ್ಯಾಂಕಿನ ಕೆಲಸದಿಂದ ಆಗತಾನೇ ಬಂದವಳು, ಚೀಲ ಕುರ್ಚಿಗೆ ನೇತುಹಾಕಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಬಾಯಿಗೆ ಬರುವುದು ತಮಿಳು.

ಜಯಲಕ್ಷ್ಮೀ ಕಾಪಿ ಕೊಟ್ಟು ಶುರು ಮಾಡಿದರು. ಹೇಳಿ ಹೇಳಿ ಸವೆದ ಕತೆಯಂತಿರಲಿಲ್ಲ, ನಡುನಡುವೆ ನಿಲ್ಲುತ್ತಿತ್ತು. ಮದುವೆಯಾಗಿ ಒಂದು ವರ್ಷವಾಗಿರಲಿಲ್ಲ. ಗಂಡನ ಸ್ನೇಹಿತರೊಬ್ಬರ ಮೂಲಕ ಕೋರಸ್‌ಗೆ ಹೋಗುತ್ತಿದ್ದರು. ಅತ್ತೆಗೆ ಅದು ಸೇರುತ್ತಿರಲಿಲ್ಲ; ಹೋಗಬೇಕಾದರೆ ಮನೆಯ ಆಚಾರದಲ್ಲಿ ಕೂದಲೆಳೆಯಷ್ಟೂ ತಪ್ಪುವಂತಿರಲಿಲ್ಲ.

“ಅವತ್ತು ಏಕಾದಶಿ. ನಮ್ಮ ಅತ್ತೆ ಇದ್ದಾಗ ಏಕಾದಶಿ ಅಂದ್ರೆ ನೀರೂ ಇಲ್ಲ. ಹಾಡಿಗೆ ಹೋಗ್ತೀಯಾ, ಹೋಗು, ಅಲ್ಲಿ ಒಂದು ಹನಿ ಬಾಯಿಗೆ ಬಿತ್ತು ಅಂತ ಗೊತ್ತಾದ್ರೆ ಮತ್ತೆ ಈ ಹೊಸಲು ದಾಟಬೇಡ ಅಂದ್ರು. ಹೋದೆ. ದೊಡ್ಡ ಗಾಯಕಿಯವರು ಬಂದು ಹಾಡಿ, ವಿಮಾನ ಹಿಡೀಬೇಕು ಅಂತ ಹೊರಟುಹೋದ್ರು. ಆಮೇಲೆ ಸಂಗೀತ ನಿರ್ದೇಶಕರಿಗೆ ತೋಚಿತು, ಮೊದಲಲ್ಲಿ ಬರೀ ಒಂದು ಆಲಾಪ ಬೇಕು ಅಂತ. ಕೋರಸ್‌ನ ಒಬ್ಬೊಬ್ಬರನ್ನೂ ಹಾಡಿಸಿ ನೋಡಿದ್ರು. ನನ್ನ ಸರದಿ ಬಂದಾಗ ಗಂಟಲು ಒಣಗಿ ಮರಳಾಗಿತ್ತು. ಯಾರೋ ನೀರು ತಂದ್ರು. ನಾನು ಬೇಡ ಅಂದೆ. ಒಡೆಯತ್ತೆ ಅಂದೆ. ಅವರು, ಅದೇ ಬೇಕಮ್ಮಾ, ಒಡೆಯೋ ಹಾಗೇ ಇರಲಿ, ಒಡೀಬೇಡ ಅಂದ್ರು.”

“ಇದನ್ನ ಯಾರಿಗೂ ಹೇಳಲಿಲ್ಲವೇ ಇಷ್ಟು ವರ್ಷ?”

“ಯಾರು ಕೇಳಿದ್ರು? ನಮ್ಮೆಜಮಾನ್ರಿಗೆ ಹೇಳಿದ್ದೆ. ರೇಡಿಯೋದಲ್ಲಿ ಬಂದಾಗ ಸೌಂಡ್ ಜಾಸ್ತಿ ಮಾಡೋರು. ಅಷ್ಟು ದಾನೇ. ಅವರು ಹೋದ್ರು. ಈಗ ಒಂದು ಸಲ ಯಾರಾದ್ರೂ ನನ್ನ ಹೆಸರು ಜೋರಾಗಿ ಹೇಳಿದ್ರೆ ಕೇಳಬೇಕು ಅಂತ ಆಸೆ. ಶಾಲೂ ಬೇಡ, ಒಣ್ಣುಂ ಬೇಡ. ಹೆಸರು ಹೇಳಿದ್ರೆ ಸಾಕು.”

“ತಾರೀಕು ನೆನಪಿದೆಯಾ?”

“ಇಲ್ಲೆ. ಮಾಘಸ್ನಾನದ ದಿನಗಳು. ಏಕಾದಶಿ. ಅಷ್ಟೇ ಗೊತ್ತು.”

ಹಾಡುತ್ತೀರಾ ಎಂದು ಗುರುಚರಣ ಕೇಳಲಿಲ್ಲ. ಮಾನ್ಯಾ ಕೇಳಿದಳು: “ಪಾಟ್ಟಿ, ಒರು ತಡವೈ ಪಾಡು.” ಜಯಲಕ್ಷ್ಮೀ ಗೋಡೆಯ ಕಡೆ ತಿರುಗಿ, ಸೆರಗು ಹೊದ್ದು, ಹಾಡಿದರು. ಧ್ವನಿ ಹೋಗಿತ್ತು, ಉಸಿರು ಅರ್ಧಕ್ಕೇ ತೀರಿತು. ಆದರೆ ಮೇಲಿನ ಸ್ವರಕ್ಕೆ ಏರುವ ಮೊದಲು ಒಂದು ಗಳಿಗೆ ಹಿಂಜರಿಯುವ ರೀತಿ ಇತ್ತಲ್ಲ, ಅದನ್ನು ಗುರುಚರಣ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದರು. ಅವರು ಲೋಟ ಕೆಳಗಿಟ್ಟರು. ಕಾಪಿ ಚೆನ್ನಾಗಿತ್ತು ಎಂದು ಹೇಳಿ ಎದ್ದರು.

ಮನೆಗೆ ಬಂದು ಮೊಬೈಲಿನ ಪಂಚಾಂಗ ತೆರೆದರು. ಹಳೆಯ ಇಸವಿ ಹಾಕಿದರೆ ತಿಥಿ ತೋರಿಸುವಂಥದ್ದು. ಎಪ್ಪತ್ತೆಂಟರ ಫೆಬ್ರವರಿ ಹದಿನೆಂಟು, ಶನಿವಾರ: ಮಾಘ ಶುದ್ಧ ಏಕಾದಶಿ. ಹತ್ತೊಂಬತ್ತು, ಭಾನುವಾರ: ದ್ವಾದಶಿ. ಗುರುಚರಣ ಕುರ್ಚಿಗೆ ಒರಗಿದರು. ಹಾಡು ರೆಕಾರ್ಡ್ ಆದದ್ದು ಹತ್ತೊಂಬತ್ತು, ಅದರಲ್ಲಿ ಸಂದೇಹವಿಲ್ಲ. ಅಂದು ಏಕಾದಶಿಯಲ್ಲ.

“ಪಾಪ, ಹೆಂಗಸಿನ ಕತೆ ನಿಲ್ಲಲ್ಲ,” ಎಂದು ಊರ್ಮಿಳಾಗೆ ಹೇಳಿದರು. “ಉಪವಾಸ ಇದ್ದೆ ಅಂತಾರೆ. ಅವತ್ತು ದ್ವಾದಶಿ.”

ಊರ್ಮಿಳಾ ಗೋರಿಕಾಯಿಯ ನಾರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ. “ಯಾರ ದ್ವಾದಶಿ?”

“ಅಂದ್ರೆ?”

“ಅದು ಎಲ್ಲಾರ ಕ್ಯಾಲೆಂಡರು. ಬೆಳಗಿನ ಜಾವಕ್ಕೆ ದಶಮಿ ಇನ್ನೂ ಇದ್ರೆ ನಮಗೆ ಆ ದಿನ ಏಕಾದಶಿ ಆಗತ್ತಾ? ಮಾರನೇ ದಿನ ದಾನೇ. ಹೋದ ತಿಂಗಳು ಎದುರು ಮನೆ ಮಾಮಿ ಶುಕ್ರವಾರ ಮಾಡಿದ್ರು, ನಾನು ಶನಿವಾರ ಮಾಡ್ದೆ. ನೀವು ಎರಡು ದಿನಾನೂ ಇಡ್ಲಿ ತಿಂದ್ರಿ, ನಿಮಗೆಲ್ಲಿ ಗೊತ್ತಾಗತ್ತೆ.”

ಗುರುಚರಣ ಹುಟ್ಟಿದ್ದು ತಿರುವಲ್ಲಿಕ್ಕೇಣಿಯ ಮಾಧ್ವ ಮನೆಯಲ್ಲಿ. ಸಕ್ಕರೆ ಕಾಯಿಲೆ ಬಂದ ಮೇಲೆ ಉಪವಾಸ ಬಿಟ್ಟಿದ್ದರು, ಅಷ್ಟೇ. ಈ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ. ಹುಡುಗರಾಗಿದ್ದಾಗ ಪಕ್ಕದ ಅಯ್ಯರ್ ಮನೆಯವರು ಊಟಕ್ಕೆ ಕೂತ ದಿನ ತಮ್ಮ ಮನೆಯಲ್ಲಿ ಒಲೆ ಹಚ್ಚದೆ ಇರುತ್ತಿದ್ದದ್ದನ್ನು ನೋಡಿ ಹೊಟ್ಟೆ ಉರಿದುಕೊಂಡವರೇ. ಅವರು ಪಂಚಾಂಗದ ಆ ದಿನದ ಮೇಲೆ ಮತ್ತೆ ಬೆರಳೊತ್ತಿದರು. ಶನಿವಾರ ದಶಮಿ ಮುಗಿದದ್ದು ಬೆಳಗಿನ ಜಾವ ಶುರುವಾದ ಮೇಲೆ, ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮೊದಲು. ಊರಿಗೆಲ್ಲ ಶನಿವಾರ ಏಕಾದಶಿ. ಮಾಧ್ವರಿಗೆ ಭಾನುವಾರ. ಹತ್ತೊಂಬತ್ತನೇ ತಾರೀಕು.

ತಾರೀಕು ಗೊತ್ತಿಲ್ಲದ ಹೆಂಗಸು, ಯಾರೂ ಹೇಳಿಕೊಡದೆಯೇ, ಗುರುಚರಣರ ತಾರೀಕನ್ನೇ ಹೇಳಿದ್ದಳು. ಇದಕ್ಕಿಂತ ಒಳ್ಳೆಯ ಪುರಾವೆ ಅವರಿಗೆ ಇಷ್ಟು ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಗುರುಚರಣ ತಮ್ಮ ಹೆಸರಿನ ಕೆಳಗೆ ತಾವೇ ‘ತಿದ್ದುಪಡಿ’ ಎಂದು ಬರೆಯುವುದು ಹೇಗೆ ಕಾಣುತ್ತದೆ ಎಂದು ಯೋಚಿಸಿದರು. ಅಳು ಅಲ್ಲ, ಬಾಯಾರಿಕೆ ಎಂದು ಬರೆಯಬೇಕು. ರೇಡಿಯೋದವರು ಓದಿದ್ದು, ದೀಪದ ಚಿತ್ರದ ವಿಡಿಯೋ, ಎಲ್ಲದರ ಕೆಳಗೆ ಜನ ಬಂದು ನಗುತ್ತಾರೆ. ತಮ್ಮಯ್ಯನಿಗೆ ಫೋನ್ ಮಾಡಬೇಕಾಗುತ್ತದೆ. ಮೊದಲ ತಿದ್ದುಪಡಿಯಾದ ಮೇಲೆ ಎರಡನೆಯದನ್ನು ಹುಡುಕಲು ಜನಕ್ಕೆ ಧೈರ್ಯ ಬರುತ್ತದೆ. ಆಮೇಲೆ ಅವರು ಮೊಬೈಲಿನ ಪರದೆಯನ್ನು ‘ಭಾನುವಾರ, ದ್ವಾದಶಿ’ ಎಂಬ ಸಾಲಿಗೆ ತಂದು, ಅಷ್ಟನ್ನು ಮಾತ್ರ ಚಿತ್ರ ತೆಗೆದಿಟ್ಟುಕೊಂಡರು.

ಪ್ರತಾಪ್ ಕೇಳಿದಾಗ, “ಸಭೆಗೆ ಕರೆಸು. ಅಲ್ಲೇ ಹೇಳ್ತೀನಿ,” ಎಂದರು. ಫೋನಿನಲ್ಲಿ ಇಲ್ಲ ಎಂದರೆ ಅದು ಮುಗಿಯುವುದಿಲ್ಲ, ವೆಸ್ಟ್ ಮಾಂಬಲಂನಲ್ಲಿ ಬದುಕಿಕೊಂಡೇ ಇರುತ್ತದೆ. ಆಕ್ಷೇಪಣೆಯನ್ನು ಎಲ್ಲರ ಎದುರಿಗೆ, ಆಕ್ಷೇಪಿಸಿದವರ ಎದುರಿಗೇ ಮುಗಿಸಬೇಕು ಎಂಬುದು ಕಚೇರಿಯಲ್ಲಿ ಕಲಿತ ಪಾಠ.

ಹತ್ತೊಂಬತ್ತರ ಸಂಜೆ ಸಭಾಂಗಣ ತುಂಬಿತ್ತು. ಹಿಂದೆ ಮಕ್ಕಳು ತಮಿಳಿನಲ್ಲಿ ಜಗಳವಾಡುತ್ತ ಓಡುತ್ತಿದ್ದರು, ತಾಯಂದಿರು ಕನ್ನಡದಲ್ಲಿ ಗದರಿಸುತ್ತಿದ್ದರು. ಬಂದವರಲ್ಲಿ ಹೆಚ್ಚಿನವರು ಮೈಸೂರು, ಮಂಡ್ಯ, ಹಾಸನದ ಕಡೆಯವರು, ಕೆಲಸದ ಮೇಲೆ ಚೆನ್ನೈಗೆ ಬಂದವರು. ಮಠ, ಮಾಧ್ವರ ಲೆಕ್ಕ ಇವೆಲ್ಲ ಅವರಿಗೆ ದೂರದ ಮಾತು. ಗುರುಚರಣ ವೇದಿಕೆಯಿಂದ ಸಾಲುಗಳನ್ನು ಒಮ್ಮೆ ನೋಡಿದರು. ಲೆಕ್ಕ ಗೊತ್ತಿದ್ದವರು ಮೂರನೇ ಸಾಲಿನಲ್ಲಿ ಒಬ್ಬರೇ, ಊರ್ಮಿಳಾ.

ಜಯಲಕ್ಷ್ಮೀ ಕೆಂಪು ಅಂಚಿನ ಕಂಚಿ ಸೀರೆ ಉಟ್ಟು ಬಂದು ವೇದಿಕೆಯಲ್ಲಿ ಕೂತಿದ್ದರು. ಪ್ರತಾಪ್ ಹಾಡು ಹಾಕಿದ. ಆಲಾಪ ಬಂದಾಗ ಅವರು ಕಣ್ಣು ಮುಚ್ಚಿ, ತೊಡೆಯ ಮೇಲಿನ ಬೆರಳನ್ನು ಅಷ್ಟಷ್ಟೇ ಎತ್ತುತ್ತಿದ್ದರು. ಹಾಡು ಮುಗಿಯಿತು. ಪ್ರತಾಪ್ ಮೈಕನ್ನು ಗುರುಚರಣರಿಗೆ ಕೊಟ್ಟ.

“ಅಮ್ಮಾ,” ಎಂದರು ಗುರುಚರಣ, ಬಹಳ ಮೆತ್ತಗೆ. “ಆ ಆಲಾಪ ಹಾಡಿದ ದಿನ ನೀವು ಏನು ತಿಂದಿದ್ರಿ?”

“ಏನೂ ಇಲ್ಲ. ಏಕಾದಶಿ.”

“ನೀರು?”

“ನೀರೂ ಇಲ್ಲ.”

“ಖಂಡಿತವಾಗಿ?”

“ಮರೆಯೋ ದಿನವಾ ಅದು?”

ಜನ ಚಪ್ಪಾಳೆ ತಟ್ಟಿದರು. ಜಯಲಕ್ಷ್ಮೀ ನಾಚಿ ನಕ್ಕರು. ಗುರುಚರಣ ಚಪ್ಪಾಳೆ ಮುಗಿಯುವವರೆಗೂ ಕಾದು, ಪ್ರತಾಪ್‌ಗೆ ಸನ್ನೆ ಮಾಡಿದರು. ಹಿಂದಿನ ಪರದೆಯ ಮೇಲೆ ಒಂದು ಸಾಲು ದೊಡ್ಡದಾಗಿ ಬಂತು.

“ಹತ್ತೊಂಬತ್ತು ಫೆಬ್ರವರಿ ಎಪ್ಪತ್ತೆಂಟು. ಭಾನುವಾರ. ದ್ವಾದಶಿ,” ಎಂದು ಅವರು ಓದಿದರು. “ದ್ವಾದಶಿ ಅಂದ್ರೆ ಉಪವಾಸ ಬಿಡೋ ದಿನ. ನಮ್ಮ ಮನೆಗಳಲ್ಲಿ ಅವತ್ತು ಬೆಳಕು ಹರಿಯೋ ಹೊತ್ತಿಗೆ ಊಟ ಆಗಿರತ್ತೆ. ಅಮ್ಮ ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳಲ್ಲ. ವಯಸ್ಸಾಯ್ತು. ಕೇಳಿದ ಹಾಡು, ಹಾಡಿದ ಹಾಡು ಒಂದರೊಳಗೊಂದು ಸೇರಿಹೋಗತ್ತೆ. ಆದರೆ ನಮ್ಮ ‘ಈ ದಿನ’ದಲ್ಲಿ ಸೇರಿಹೋದದ್ದಕ್ಕೆ ಜಾಗ ಇಲ್ಲ.”

ಜಯಲಕ್ಷ್ಮೀ ಪರದೆಯ ಕಡೆ ತಿರುಗಿ ನೋಡಿದರು, ಆಮೇಲೆ ಗುರುಚರಣರನ್ನು.

“ನನಗೆ ಈ ಲೆಕ್ಕ ಎಲ್ಲ ಗೊತ್ತಿಲ್ಲ,” ಎಂದರು. “ಮಠದಿಂದ ಹೇಳಿ ಕಳಿಸಿದ ದಿನ ಮಾಡ್ತಿದ್ವಿ.”

ಅದರ ಅರ್ಥ ಆ ಸಭಾಂಗಣದಲ್ಲಿ ಇಬ್ಬರಿಗೆ ಗೊತ್ತಿತ್ತು. ಗುರುಚರಣರ ಕಣ್ಣು ಮೂರನೇ ಸಾಲಿಗೆ ಹೋಯಿತು. ಊರ್ಮಿಳಾ ಅವರನ್ನೇ ನೋಡುತ್ತಿದ್ದರು. ಒಂದು ವಾಕ್ಯ ಸಾಕಿತ್ತು.

“ಮಠದವರೂ ಅದೇ ಚಂದ್ರನ್ನೇ ನೋಡೋದು, ಅಮ್ಮಾ,” ಎಂದರು ಗುರುಚರಣ.

ನಗು ಎದ್ದಿತು. ಅಲ್ಲಿಯವರೆಗೆ ಹೇಗೆ ಇರಬೇಕೆಂದು ತಿಳಿಯದೆ ಕೂತಿದ್ದವರಿಗೆಲ್ಲ ಆ ನಗು ದಾರಿ ತೋರಿಸಿತು. ಹಿಂದಿನಿಂದ ಯಾರೋ, “ಪ್ರತಾಪ್, ಊಟಕ್ಕೆ ಏನ್ ಮಾಡ್ಸಿದೀಯಪ್ಪ? ಅಜ್ಜಿ ಎಪ್ಪತ್ತೆಂಟರಿಂದ ಉಪವಾಸ ಅಂತೆ,” ಎಂದರು. ಇನ್ನಷ್ಟು ನಗು. ಜಯಲಕ್ಷ್ಮಿಯವರೂ ನಗಲು ನೋಡಿದರು. ತುಟಿ ಮಾತ್ರ ಅಗಲವಾಯಿತು.

ಮಾನ್ಯಾ ವೇದಿಕೆಗೆ ಬಂದು ಅಜ್ಜಿಯ ತೋಳು ಹಿಡಿದಳು. “ವಾ ಪಾಟ್ಟಿ, ಪೋಲಾಂ.” ಇಳಿಯುವಾಗ ಗುರುಚರಣರ ಮುಂದೆ ನಿಂತು, ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು: “ಇದು ಫೋನಲ್ಲಿ ಹೇಳಬಹುದಿತ್ತು, ಸಾರ್.”

“ಹೇಳಬಹುದಿತ್ತು,” ಎಂದರು ಅವರು.

ತಂದ ಶಾಲು ಮೇಜಿನ ಮೇಲೇ ಇತ್ತು. ಪ್ರತಾಪ್ ಒಂದೆರಡು ಸಲ ಅದನ್ನು ನೋಡಿದ. ಕೊನೆಗೆ, “ಸತ್ಯ ಎಷ್ಟು ಕಷ್ಟ ಅಂತ ಇವತ್ತು ನೋಡಿದ್ವಿ,” ಎಂದು ಏನೋ ಹೇಳಿ, ಅದನ್ನು ಬಿಡಿಸಿ ಗುರುಚರಣರಿಗೇ ಹೊದಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟೋದಲ್ಲಿ ಊರ್ಮಿಳಾ ರಸ್ತೆ ನೋಡುತ್ತ ಕೂತಿದ್ದರು. ಮನೆಯ ಬೀಗ ತೆಗೆದ ಮೇಲೆ ಕೇಳಿದರು: “ನಾನು ಹೇಳಿದ್ದು ನೆನಪಿತ್ತಾ?”

“ಇತ್ತು.”

“ಸರಿ,” ಎಂದರು ಊರ್ಮಿಳಾ. ಅನ್ನ ಬಡಿಸಿದರು, ಸಾರು ಬಡಿಸಿದರು. ಗುರುಚರಣ ಕೈ ತೊಳೆದು ಬಂದು ಮೊಬೈಲ್ ನೋಡಿದಾಗ ಗುಂಪಿನಲ್ಲಿ ಅಭಿನಂದನೆಗಳ ನಡುವೆ ಒಂದು ಬೂದು ಸಾಲಿತ್ತು: ಊರ್ಮಿಳಾ ಗುಂಪನ್ನು ತೊರೆದಿದ್ದಾರೆ. ಅವರು ಪಕ್ಕದ ಕೋಣೆಯಲ್ಲಿ ಮರುದಿನಕ್ಕೆ ಉದ್ದು ನೆನೆಸುತ್ತಿದ್ದರು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಜಯಲಕ್ಷ್ಮಿಯವರ ಫೋನ್ ಬಂತು. ಗುರುಚರಣ ಒಂದೆರಡು ಸಲ ಎತ್ತಲಿಲ್ಲ. ಮೂರನೆಯದನ್ನು ಎತ್ತಿದರು, ಬೈಸಿಕೊಳ್ಳಲು ತಯಾರಾಗಿ.

“ನಾನು ಜಯಲಕ್ಷ್ಮೀ ಮಾತಾಡೋದು. ಮಲಗಿದ್ರಾ? ತೊಂದರೆ ಕೊಟ್ಟೆನಾ?”

“ಇಲ್ಲ, ಹೇಳಿ.”

“ಕ್ಷಮಿಸಿ ಅಂತ ಹೇಳೋಣ ಅಂತ. ಅವತ್ತು ಅಷ್ಟು ಜನರ ಮುಂದೆ ನಾನು ಸುಳ್ಳು ಹೇಳಿದ ಹಾಗಾಯ್ತು. ಮಾನ್ಯಾಗೆ ನಿಮ್ಮ ಮೇಲೆ ಕೋಪ. ನಾನು ಹೇಳಿದೆ, ಅವರು ಜೀವಮಾನ ಪೂರಾ ಇದನ್ನೇ ನೋಡಿದವರು, ಅವರು ಯಾಕೆ ತಪ್ಪು ಹೇಳ್ತಾರೆ, ನನ್ನ ತಲೆ ದಾನೇ ಕೆಟ್ಟಿರೋದು ಅಂತ.”

“ಪರವಾಗಿಲ್ಲ ಅಮ್ಮಾ. ಆಗತ್ತೆ.”

“ಈಗ ಆ ಹಾಡು ಬಂದ್ರೆ ಬೇರೆ ಥರಾ ಕೇಳತ್ತೆ. ಅವರು ಎಷ್ಟು ಚೆನ್ನಾಗಿ ಹಾಡಿದಾರೆ ಅನಿಸತ್ತೆ. ಅಮ್ಮ ಹೋಗಿದ್ರಲ್ಲ, ಪಾವಂ. ಅಳು ಕೇಳತ್ತೆ, ನಿಜ.”

ಗುರುಚರಣ ಕಿಟಕಿಯ ಕಡೆ ನೋಡಿದರು. ಕೆಳಗೆ ಅಗಲವಾದ ರಸ್ತೆಯಲ್ಲಿ ಬಸ್ಸು ತಿರುಗುತ್ತಿತ್ತು.

“ಆದ್ರೆ ಒಂದು ವಿಷಯ,” ಎಂದರು ಜಯಲಕ್ಷ್ಮೀ. “ನಾನು ಉಪವಾಸ ಇದ್ದದ್ದು ಹೌದು. ಮೈಕ್ ಮುಂದೆ ಒಬ್ಬಳೇ ನಿಂತದ್ದೂ ಹೌದು. ಅದು ಮರೆಯಲ್ಲ. ಹಾಗಾದ್ರೆ ಅದು ಬೇರೆ ಯಾವುದೋ ಹಾಡು ಆಗಿರಬೇಕು ದಾನೇ? ಹತ್ತೊಂಬತ್ತು ದ್ವಾದಶಿ ಅಂದ್ರಿ, ಅಂದ್ರೆ ಹದಿನೆಂಟು ಏಕಾದಶಿ. ಹದಿನೆಂಟಕ್ಕೆ ಯಾವ ಹಾಡು ಆಯ್ತು ಅಂತ ನಿಮಗೆ ಗೊತ್ತಿರತ್ತೆ. ಹೇಳ್ತೀರಾ? ಯಾರಿಗೂ ಹೇಳಲ್ಲ. ನನಗೆ ತಿಳಿದ್ರೆ ಸಾಕು.”

ಗೊತ್ತಿಲ್ಲ ಎನ್ನಬಹುದಿತ್ತು, ನಿಜವೂ ಅದೇ ಆಗಿತ್ತು. ಆದರೆ ತಾರೀಕು ಕೇಳಿದವರಿಗೆ ಗೊತ್ತಿಲ್ಲ ಎಂದು ಅವರು ಎಂದೂ ಹೇಳಿದವರಲ್ಲ. ಅದಲ್ಲದೆ, ಗೊತ್ತಿಲ್ಲ ಎಂದರೆ ಈ ಹೆಂಗಸು ಹುಡುಕುತ್ತ ಹೋಗುತ್ತಾಳೆ. ಹುಡುಕುತ್ತ ಹೋದರೆ ಯಾರಾದರೂ ಒಬ್ಬ ಮಠದ ಆಚಾರ್ಯರು ಸಿಗುತ್ತಾರೆ.

“ಹದಿನೆಂಟಕ್ಕೆ ಒಂದು ಲಾಲಿ ಹಾಡು ಆಗಿತ್ತು,” ಎಂದರು ಗುರುಚರಣ. ಅವರ ಧ್ವನಿಯಲ್ಲಿ ಏರಿಳಿತವಿರಲಿಲ್ಲ. “ಚಿತ್ರ ಬಿಡುಗಡೆ ಆಗಲಿಲ್ಲ. ರೆಕಾರ್ಡೂ ಬರಲಿಲ್ಲ. ಕೋರಸ್‌ನಿಂದ ಒಬ್ಬರನ್ನ ತೊಗೊಂಡು ಹಾಡಿಸಿದ್ರು ಅಂತ ಕೇಳಿದೀನಿ.”



“ಲಾಲಿ,” ಎಂದರು ಜಯಲಕ್ಷ್ಮೀ. “ಆಮಾ. ಲಾಲಿ. ಒಂದು ತೊಟ್ಟಿಲಿನ ಮಾತು ಬರತ್ತೆ ಅಲ್ವಾ ಅದರಲ್ಲಿ?”

“ಬರತ್ತೆ.”

“ಈಗ ನೆನಪಾಗ್ತಾ ಇದೆ. ನೋಡಿ, ನೀವು ಹೇಳದೆ ಇದ್ರೆ ಹಾಗೇ ಹೋಗಿಬಿಡ್ತಿತ್ತು. ನಿಮಗೆ ಪುಣ್ಯ ಬರಲಿ.”

ಆಮೇಲೆ ಜಯಲಕ್ಷ್ಮೀ ಸುಮ್ಮನಿರಲಿಲ್ಲ. ಗಲ್ಲಿಯವರಿಗೆ ಹೇಳಿದರು, ಪ್ರತಾಪ್‌ಗೆ ಹೇಳಿದರು. ಸಭೆಯ ದಿನ ಜನ ನಕ್ಕದ್ದು ಪ್ರತಾಪ್‌ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವನಿಗೆ ಇದು ದೊಡ್ಡ ಸಮಾಧಾನವಾಯಿತು. ಅವನೇ ಅವರನ್ನು ಗುಂಪಿಗೆ ಸೇರಿಸಿದ. “ಸಾರ್, ಈ ಸಲ ಹದಿನೆಂಟಕ್ಕೆ ಅಜ್ಜಿ ಹಾಡು ಹಾಕಿಬಿಡಿ. ನೀವೇ ಹುಡುಕಿಕೊಟ್ರಂತೆ. ನಿಮ್ಮಂಥೋರು ಬೇಕು ಸಾರ್,” ಎಂದು ವರ್ಷವಿಡೀ ನೆನಪಿಸಿದ.

ಈ ವರ್ಷ ಫೆಬ್ರವರಿ ಹದಿನೆಂಟರ ಬೆಳಿಗ್ಗೆ ಗುರುಚರಣ ‘ಈ ದಿನ’ ಬರೆದರು. ಮೊದಲು ಒಬ್ಬ ಗೀತರಚನಕಾರನ ಹುಟ್ಟು, ಆಮೇಲೆ ಒಂದು ವಾದ್ಯವೃಂದದ ಕೊನೆಯ ಕಾರ್ಯಕ್ರಮ; ಎರಡನ್ನೂ ಅವರು ಮೂರು ಕಡೆ ತಾಳೆ ನೋಡಿದ್ದರು. ಮೂರನೆಯದಾಗಿ: ‘೧೯೭೮, ಶನಿವಾರ, ಏಕಾದಶಿ. ತೆರೆಕಾಣದ ಚಿತ್ರವೊಂದಕ್ಕೆ ಲಾಲಿ ಹಾಡಿನ ಧ್ವನಿಮುದ್ರಣ, ಕೋಡಂಬಾಕ್ಕಂ. ಗಾಯಕಿ: ಜಯಲಕ್ಷ್ಮೀ.’ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿದರು. ಕಳಿಸಿದರು. ಅದರ ಕೆಳಗೆ ತಿದ್ದುಪಡಿ ಎಂದು ಬರೆಯಬಲ್ಲವರು ಗುಂಪಿನಲ್ಲಿ ಯಾರೂ ಇರಲಿಲ್ಲ.

ಕೈ ಮುಗಿದ ಚಿತ್ರಗಳು ಬಂದವು, ಹೂಗಳು ಬಂದವು. ದುಬೈನಿಂದ ಒಬ್ಬರು, ಹಾಡು ಎಲ್ಲಿ ಸಿಗುತ್ತದೆ ಎಂದು ಕೇಳಿದರು. ‘ಪ್ರತಿ ಉಳಿದಿಲ್ಲ’ ಎಂದು ಗುರುಚರಣ ಬರೆದರು. ಅದಕ್ಕೆ ದಾವಣಗೆರೆಯ ಪ್ರಮೋದ ಎಂಬುವರು ಉತ್ತರಿಸಿದರು: ‘ಪ್ರತಿ ಇಲ್ಲದಿದ್ದರೇನು ಸರ್, ನಮ್ಮ ತಾಯಿ ಈ ಲಾಲಿಯನ್ನು ಹಾಡಿಯೇ ನಮ್ಮನ್ನು ಮಲಗಿಸುತ್ತಿದ್ದರು. ಚೆನ್ನಾಗಿ ನೆನಪಿದೆ. ಕಣ್ಣು ತುಂಬಿ ಬಂತು.’

ಗುರುಚರಣ ಆ ಸಾಲುಗಳನ್ನು ಎರಡು ಸಲ ಓದಿದರು. ಬೆರಳು ಕೀಲಿಗಳ ಮೇಲೆ ನಿಂತಿತು. ಆಮೇಲೆ ಒಂದು ನಮಸ್ಕಾರದ ಚಿತ್ರ ಒತ್ತಿದರು.

ಅದರ ಕೆಳಗೆ ಜಯಲಕ್ಷ್ಮೀ ಬರೆಯತೊಡಗಿದ್ದರು. ಮುದುಕಿಯ ಬೆರಳು, ಬಹಳ ಹೊತ್ತು ಹಿಡಿಯಿತು. ಗುರುಚರಣ ಮೊಬೈಲ್ ಹಿಡಿದೇ ಕೂತಿದ್ದರು. ಕೊನೆಗೆ ಬಂತು: ‘ಪ್ರಮೋದ ಅವರೇ, ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ನನಗೆ ವಯಸ್ಸಾಯ್ತು, ಪಲ್ಲವಿ ಎಷ್ಟು ಯೋಚಿಸಿದರೂ ಬರ್ತಾ ಇಲ್ಲ. ನಿಮಗೆ ನೆನಪಿದ್ದರೆ ಒಂದು ಸಲ ಹಾಡಿ ಕಳಿಸ್ತೀರಾ? ನಾನು ಕಲ್ತುಕೊಳ್ತೀನಿ.’